ಗಂಡು ಗಿಡಕ್ಕೆ ಏಳು ವರ್ಷ ನೀರು

ಮಳೆ ಹಿಡಿದರೆ ಸಾಕು, ಕರಾವಳಿ, ಮಲೆನಾಡಿನ ನರ್ಸರಿಗಳಲ್ಲಿ ಜನವೋ ಜನ. ಗುಂಡಿ ಎಷ್ಟು ಆಳ, ಗೊಬ್ಬರ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಇದು ಬೀಜದ ಗಿಡವೋ ಕಸಿ ಗಿಡವೋ ಎಂದು ಕೇಳುವವರು ಕಡಿಮೆ. ನನ್ನ ಪ್ರಕಾರ ಮೊದಲು ಕೇಳಬೇಕಾದ್ದೇ ಅದು.

ಜಾಯಿಕಾಯಿಯನ್ನೇ ನೋಡಿ. ಅದರಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ; ಕಾಯಿ ಬಿಡುವುದು ಹೆಣ್ಣು. ಬೀಜ ಹಾಕಿ ಎಬ್ಬಿಸಿದ ಗಿಡಗಳಲ್ಲಿ ಹೆಚ್ಚುಕಮ್ಮಿ ಅರ್ಧ ಗಂಡು. ಎಲೆ ನೋಡಿಯೇ ಹೇಳುತ್ತೇನೆ ಎನ್ನುವವರನ್ನು ನಂಬಬೇಡಿ. ಹೂ ಬಿಟ್ಟ ಮೇಲೆಯೇ ಗೊತ್ತಾಗುವುದು, ಅದಕ್ಕೆ ಆರೇಳು ವರ್ಷ ಬೇಕು. ಅಷ್ಟು ದಿನ ನೀರು ಹಾಕಿ ಸಾಕಿದ್ದು ಗಂಡು ಎಂದಾದರೆ ಬೇಸರವೇ ಅಲ್ವಾ? ಹಾಗೆಂದು ಬುಡಸಮೇತ ಕೀಳಬೇಕಿಲ್ಲ. ಕಾಂಡ ಕತ್ತರಿಸಿ, ಬರುವ ಹೊಸ ಚಿಗುರಿಗೆ ಹೆಣ್ಣು ಮರದ ಕುಡಿ ಕಸಿ ಕಟ್ಟಬಹುದು. ಕಸಿ ಗಿಡವನ್ನೇ ತರುವವರು ಇನ್ನೊಂದು ವಿಷಯ ವಿಚಾರಿಸಿ: ಕುಡಿ ಯಾವುದರದ್ದು? ನೆಟ್ಟಗೆ ಏರುವ ಚಿಗುರಿನದ್ದಾದರೆ ಮರವಾಗುತ್ತದೆ. ಅಡ್ಡ ಕೊಂಬೆಯದ್ದಾದರೆ ಪೊದೆಯ ಹಾಗೆ ಹರಡುತ್ತದೆ. ಹತ್ತು ಹೆಣ್ಣಿಗೆ ಒಂದು ಗಂಡು ಸಾಕು. ಪಕ್ಕದ ತೋಟದಲ್ಲಿದ್ದರೂ ಆದೀತು.

ಪುನರ್ಪುಳಿಯದ್ದೂ (ಕೋಕಂ) ಇದೇ ಕಥೆ. ರಂಬುಟಾನ್ ಬೀಜದ ಗಿಡವನ್ನಂತೂ ಸುಮ್ನೆ ಕೊಟ್ಟರೂ ತರಬೇಡಿ, ಅದರಲ್ಲೂ ಗಂಡು ಬರುವುದು ಜಾಸ್ತಿ. ಕೊಡಗಿನ ಚೆಟ್ಟಳ್ಳಿಯ ತೋಟಗಾರಿಕೆ ಪ್ರಯೋಗ ಕೇಂದ್ರದ 'ಅರ್ಕಾ ಕೂರ್ಗ್ ಅರುಣ್' ತಳಿಯ ಕಸಿ ಗಿಡ ಸಿಕ್ಕರೆ ಒಳ್ಳೆಯದು. ಮ್ಯಾಂಗೋಸ್ಟೀನ್ ಮಾತ್ರ ಬೇರೆ ಜಾತಿ. ಅದಕ್ಕೆ ಗಂಡಿನ ಹಂಗಿಲ್ಲ, ಬೀಜದ ಗಿಡವೂ ತಾಯಿಯಂತೆಯೇ ಬರುತ್ತದೆ. ತಾಳ್ಮೆ ಇದ್ದವರು ಬೀಜದ ಗಿಡವನ್ನೇ ನೆಡಬಹುದು.

ಹಲಸು, ಗೇರಿಗೆ ಈ ಚಿಂತೆಯಿಲ್ಲ. ಹಲಸಿನ ಒಂದೇ ಮರದಲ್ಲಿ ಗಂಡು, ಹೆಣ್ಣು ಎರಡೂ ಇರುತ್ತವೆ. ಸಣ್ಣ ಮಿಡಿಗಳು ಕಪ್ಪಾಗಿ ಉದುರಿದವೆಂದು ಗಾಬರಿಯಾಗಬೇಡಿ, ಅವುಗಳಲ್ಲಿ ಹೆಚ್ಚಿನವು ಗಂಡು. ಆದರೂ ಕಸಿ ಗಿಡವೇ ವಾಸಿ, ಬೀಜದ ಗಿಡದ ಹಣ್ಣು ತಾಯಿ ಮರದಂತೆ ಇರುತ್ತದೆ ಎನ್ನುವ ಖಾತ್ರಿಯಿಲ್ಲ. ಗೇರು ಕಸಿ ಬೇಕಾದವರು ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯದಲ್ಲಿ ವಿಚಾರಿಸಲಿ. ಗೇರಿಗೆ ಪೂರ್ತಿ ಬಿಸಿಲು ಬೇಕು, ಏಳೆಂಟು ಮೀಟರ್ ಜಾಗವೂ ಬೇಕು. ಬೀಜದ ಸಿಪ್ಪೆಯ ಎಣ್ಣೆ ಕೈ ಸುಡುತ್ತದೆ ಎಂಬುದು ನೆನಪಿರಲಿ.

ಯಾವುದೇ ಕಸಿಯಾಗಲಿ, ಕಸಿ ಗಂಟು, ಅಂದರೆ ಕುಡಿ ಕೂಡಿದ ಜಾಗ, ಮಣ್ಣಿನಿಂದ ಮೇಲೆಯೇ ಇರಬೇಕು. ಗಂಟಿನ ಕೆಳಗೆ ಬರುವ ಚಿಗುರನ್ನು ಕಂಡಕಂಡಾಗ ಚಿವುಟಿ. ಬಿಟ್ಟರೆ ಅದು ಮೇಲಿನ ಕುಡಿಯನ್ನು ಮೀರಿ ಬೆಳೆಯುತ್ತದೆ. ಕೊನೆಗೆ ಹಿತ್ತಲಲ್ಲಿ ಉಳಿಯುವುದು ಬೀಜದ ಗಿಡವೇ. ಕಸಿ ಕೂಡಿದ ಮೇಲೆ ಗಂಟಿಗೆ ಸುತ್ತಿದ ಪ್ಲಾಸ್ಟಿಕ್ ಪಟ್ಟಿ ಬಿಚ್ಚಿಬಿಡಿ, ಇಲ್ಲದಿದ್ದರೆ ಕಾಂಡ ದಪ್ಪವಾದಂತೆ ಅದು ಒಳಗೇ ಬಿಗಿಯುತ್ತದೆ.