ಪದ ಪರಿಚಯ: ಓವರ್‌ಸ್ಟಿಯರ್

ತಿರುವಿನಲ್ಲಿ ಹಿಂದಿನ ಚಕ್ರಗಳು ಮುಂದಿನವಕ್ಕಿಂತ ಮೊದಲೇ ಹಿಡಿತ ಬಿಟ್ಟರೆ ಅದು ಓವರ್‌ಸ್ಟಿಯರ್. ಹಿಂಭಾಗ ಹೊರಕ್ಕೆ ಜಾರುತ್ತದೆ. ನೀವು ಸ್ಟಿಯರಿಂಗ್ ತಿರುಗಿಸಿದ್ದಕ್ಕಿಂತ ಜಾಸ್ತಿ ಕಾರು ಒಳಕ್ಕೆ ತಿರುಗುತ್ತದೆ. ಮುಂದಿನ ಚಕ್ರ ಮೊದಲು ಜಾರಿದರೆ ಅಂಡರ್‌ಸ್ಟಿಯರ್: ಎಷ್ಟು ತಿರುಗಿಸಿದರೂ ಕಾರು ನೆಟ್ಟಗೆ ಹೋಗ್ತಾ ಇರುತ್ತದೆ. ನಮ್ಮ ಮನೆಗಳ ಮುಂದೆ ನಿಂತಿರುವ ಬಹುಪಾಲು ಸಣ್ಣ ಕಾರುಗಳದ್ದು ಈ ಎರಡನೇ ಸ್ವಭಾವ. ಅವುಗಳ ಎಂಜಿನ್ನೂ ಮುಂದೆ, ಎಳೆಯುವ ಚಕ್ರಗಳೂ ಮುಂದೆ.

ಓವರ್‌ಸ್ಟಿಯರ್ ಅಂದರೆ ಎಲ್ಲ ಕಾರಿನಲ್ಲೂ ಒಂದೇ ಅಂತ ಅಂದುಕೊಳ್ಳುವವರು ಬಹಳ. ಅಲ್ಲ. 1960ರ ದಶಕದ ಎರಡು ಕಾರುಗಳನ್ನು ಅಕ್ಕಪಕ್ಕ ಇಟ್ಟರೆ ಗೊತ್ತಾಗುತ್ತದೆ.

ಒಂದು, ಇಂಗ್ಲೆಂಡಿನ ಜಾಗ್ವಾರ್ ಇ-ಟೈಪ್. 1961ರ ಜಿನೀವಾ ಪ್ರದರ್ಶನದಲ್ಲಿ ಬಂತು. ಫ್ರಾನ್ಸಿನ ಲೆ ಮಾನ್ಸ್ ರೇಸ್ ಗೆದ್ದ ಜಾಗ್ವಾರ್ ಡಿ-ಟೈಪ್ ಕಾರಿನ ಮನೆತನ. ಉದ್ದನೆಯ ಬಾನೆಟ್ ಕೆಳಗೆ 3.8 ಲೀಟರಿನ ಆರು ಸಿಲಿಂಡರ್ ಎಂಜಿನ್, ಓಡಿಸುವುದು ಹಿಂದಿನ ಚಕ್ರಗಳನ್ನು. ಭಾರ ಹಿಂದೆ ಮುಂದೆ ಸುಮಾರು ಅರ್ಧರ್ಧ. ತಿರುವಿನ ನಡುವೆ ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಆ ಕಾಲದ ಕಿರಿದಾದ ಟೈರುಗಳು ಅಷ್ಟು ಶಕ್ತಿ ತಡೆಯಲಾರದೆ ಜಾರುತ್ತವೆ. ಕಾಲನ್ನು ಮೆಲ್ಲಗೆ ಸಡಿಲಿಸಿ, ಸ್ಟಿಯರಿಂಗ್ ಎದುರು ದಿಕ್ಕಿಗೆ ತಿರುಗಿಸಿದರೆ ಸಾಮಾನ್ಯವಾಗಿ ದಾರಿಗೆ ಬರುತ್ತದೆ. ಜಾರಿಸಿದ್ದು ನೀವೇ, ನಿಲ್ಲಿಸುವುದೂ ನಿಮ್ಮ ಕಾಲಲ್ಲೇ.

ಇನ್ನೊಂದು, ಜರ್ಮನಿಯ ಪೋರ್ಶೆ 911. 1963ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ 901 ಅಂತ ತೋರಿಸಿದರು. ನಡುವೆ ಸೊನ್ನೆ ಇರುವ ಮೂರಂಕಿ ಹೆಸರು ತನ್ನದು ಅಂತ ಫ್ರಾನ್ಸಿನ ಕಾರು ಕಂಪನಿ ಪೆಜೊ ತಕರಾರು ತೆಗೆದಾಗ 911 ಆಯ್ತು. 2 ಲೀಟರ್, 130 ಅಶ್ವಶಕ್ತಿ. ಲೆಕ್ಕದಲ್ಲಿ ಜಾಗ್ವಾರ್ ಮುಂದೆ ಏನೂ ಅಲ್ಲ. ಆದರೆ ಎಂಜಿನ್ ಇರುವುದು ಹಿಂದಿನ ಆಕ್ಸಲ್‌ಗಿಂತಲೂ ಹಿಂದೆ. ಫೋಕ್ಸ್‌ವ್ಯಾಗನ್ ಬೀಟಲ್‌ನಿಂದ ಬಂದ ಬಳುವಳಿ ಅದು.

ಇಲ್ಲಿ ಆಟವೇ ಉಲ್ಟಾ. ಆಕ್ಸಿಲರೇಟರ್ ಒತ್ತಿದಷ್ಟೂ ಭಾರ ಹಿಂದಕ್ಕೆ ಕೂತು ಟೈರು ರಸ್ತೆಯನ್ನು ಕಚ್ಚಿ ಹಿಡಿಯುತ್ತದೆ. ತಿರುವಿನಲ್ಲಿ ಗಾಬರಿಯಾಗಿ ಕಾಲು ತೆಗೆದಿರೋ, ಭಾರ ಮುಂದಕ್ಕೆ ಬೀಳುತ್ತದೆ, ಹಿಂದಿನ ಟೈರಿನ ಹಿಡಿತ ಕಡಿಮೆಯಾಗುತ್ತದೆ. ಎಂಜಿನ್ನಿನ ಭಾರ ಮಾತ್ರ ಹೊರಕ್ಕೆ ನೂಕುತ್ತಲೇ ಇರುತ್ತದೆ. ಸೈಕಲ್ ಕ್ಯಾರಿಯರ್ ಮೇಲೆ ಗ್ಯಾಸ್ ಸಿಲಿಂಡರ್ ಕಟ್ಟಿಕೊಂಡು ವೇಗದಲ್ಲಿ ತಿರುಗಿಸಿದವರಿಗೆ ಈ ನೂಕು ಗೊತ್ತಿರುತ್ತದೆ. ಇದನ್ನು ಲಿಫ್ಟ್-ಆಫ್ ಓವರ್‌ಸ್ಟಿಯರ್ ಅಂತಾರೆ. ಹೆದರಿದವನು ಸಹಜವಾಗಿ ಮಾಡುವ ಕೆಲಸವೇ ಕಾರನ್ನು ತಿರುಗಿಸಿಬಿಡುತ್ತದಲ್ಲ, ಅದೇ ಇದರ ಕೇಡು. ಹಾಗಾಗಿ 911 ಓಡಿಸುವವರು ಹೇಳುವುದು: ತಿರುವಿಗೆ ಮೊದಲೇ ಬ್ರೇಕ್ ಮುಗಿಸಿ ನಿಧಾನವಾಗಿ ಒಳಗೆ ಹೋಗಿ, ಆಕ್ಸಿಲರೇಟರ್ ಒತ್ತುತ್ತಾ ಹೊರಗೆ ಬನ್ನಿ.

ಇದು ಪೋರ್ಶೆಗೆ ಗೊತ್ತಿರಲಿಲ್ಲ ಅಂತಲ್ಲ. ಶುರುವಿನ ಕೆಲವು ಕಾರುಗಳ ಮುಂದಿನ ಬಂಪರ್ ಒಳಗೆ ಎರಡೂ ಬದಿ 11 ಕಿಲೋ ತೂಕದ ಲೋಹದ ಗಟ್ಟಿ ಇಟ್ಟರು. ನನಗಂತೂ ಅದು ಜರ್ಮನ್ ಎಂಜಿನಿಯರಿಂಗ್‌ಗಿಂತ ನಮ್ಮೂರ ಗ್ಯಾರೇಜಿನ ಉಪಾಯದ ಹಾಗೆ ಕಾಣುತ್ತದೆ! ಸರಿಯಾದ ಮದ್ದು ಸಿಕ್ಕಿದ್ದು 1969ರ ಮಾಡೆಲ್‌ನಲ್ಲಿ. ಎಂಜಿನ್ ಅಲ್ಲೇ ಬಿಟ್ಟು, ಹಿಂದಿನ ಚಕ್ರಗಳನ್ನೇ 57 ಮಿಲಿಮೀಟರ್ ಹಿಂದಕ್ಕೆ ಸರಿಸಿದರು. ಸ್ವಭಾವ ಹೋಗಲಿಲ್ಲ, ಆದರೆ ಚಾಲಕನಿಗೆ ಒಂದಿಷ್ಟು ಸಮಯ ಸಿಕ್ಕಿತು.