ಎರಡು ಚಿಹ್ನೆಗಳ ಹಳೇ ತಕರಾರು

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ಅಡಿಕೆ ವ್ಯಾಪಾರಿಯೊಬ್ಬರು ಫೋನ್ ಮಾಡಿದರು. ‘ಸೈಟಲ್ಲಿ ರೇಟೇ ಬರ್ತಿಲ್ಲ ಮಾರಾಯ್ರೆ, ಏನೇನೋ ಬರ್ತಿದೆ.’ ತೆಗೆದು ನೋಡಿದೆ. ರಾಶಿ, ಬೆಟ್ಟೆ, ಗೊರಬಲು, ಸರಕು ಎಲ್ಲ ಹೆಸರೂ ಇವೆ. ದರದ ಜಾಗದಲ್ಲಿ ಮಾತ್ರ ‘0)’ ಅಂತ ಶುರುವಾಗುವ ಕೋಡಿನ ಬಾಲ. ಹಿಂದಿನ ದಿನ ಸೈಟನ್ನು ಹೊಸ ಸರ್ವರಿಗೆ ಹಾಕಿದ್ದರು. ಕೋಡನ್ನು ಯಾರೂ ಮುಟ್ಟಿರಲಿಲ್ಲ.

ಆ ಸೈಟು ಪಿಎಚ್‌ಪಿಯಲ್ಲಿ, ಅಂದರೆ ಸರ್ವರಿನಲ್ಲಿ ಓಡಿ ವೆಬ್ ಪುಟ ಕಟ್ಟುವ ಭಾಷೆಯಲ್ಲಿ, ಬರೆದದ್ದು. ಅದರ ಫೈಲಿನಲ್ಲಿ ಪುಟದ ರೂಪ ಹೇಳುವ ಎಚ್‌ಟಿಎಂಎಲ್ಲೂ ಕೋಡೂ ಒಟ್ಟಿಗೇ ಇರುತ್ತವೆ. ಕೋಡು ಇಲ್ಲಿಂದ ಶುರು ಎಂದು ಹೇಳುವ ಚಿಹ್ನೆ, ಅಂದರೆ ಟ್ಯಾಗ್, ತೋಟದ ಉಣುಗೋಲಿನ ಹಾಗೆ. ಅದು ಕಂಡ ಕೂಡಲೇ ಸರ್ವರ್ ಒಳಗಿನದನ್ನು ಓಡಿಸಿ, ಉತ್ತರವನ್ನಷ್ಟೇ ಹೊರಗೆ ಕಳಿಸುತ್ತದೆ. ಕಾಣದಿದ್ದರೆ ಕೋಡೇ ನೇರ ಬ್ರೌಸರಿಗೆ ಹೋಗುತ್ತದೆ.

1995ರಲ್ಲಿ ರಾಸ್ಮಸ್ ಲೆರ್ಡಾರ್ಫ್ ಈ ಸಲಕರಣೆಯನ್ನು ಜನರ ಮುಂದಿಟ್ಟರು. 1997ರ ಎರಡನೇ ಆವೃತ್ತಿಯಲ್ಲಿ <? ಎಂದು ತೆರೆದು ಬರೀ > ಹಾಕಿ ಮುಚ್ಚಿದರೆ ಸಾಕಿತ್ತು. ಮರುವರ್ಷ ಮಾಹಿತಿ ಬರೆದಿಡುವ ಎಕ್ಸ್‌ಎಂಎಲ್ ಎಂಬ ರೂಪ ಬಂತು. ಅದರ ಮೊದಲ ಸಾಲೂ <? ಎಂದೇ ಶುರು! ಪಿಎಚ್‌ಪಿ ಅದನ್ನು ತನ್ನ ಕೋಡೆಂದು ಓದಿ ಎಡವುತ್ತಿತ್ತು. ಹಾಗಾಗಿ <?ಪಿಎಚ್‌ಪಿ ಎಂಬ ಪೂರ್ತಿ ಟ್ಯಾಗೇ ರೂಢಿಯಾಯಿತು. ಬರೀ <? ಇರುವ ಗಿಡ್ಡ ಟ್ಯಾಗನ್ನು ತೆಗೆಯಲಿಲ್ಲ, ಆನ್-ಆಫ್ ಮಾಡುವ ಸೆಟ್ಟಿಂಗ್ ಕೊಟ್ಟರು. ಮೈಕ್ರೋಸಾಫ್ಟಿನ ಇಂಥದೇ ಸಲಕರಣೆ ಎಎಸ್‌ಪಿಯಿಂದ ಬಂದವರಿಗೆ <% ಕೂಡ ಇತ್ತು. ಅದು 2015ರಲ್ಲಿ, ಪಿಎಚ್‌ಪಿ 7ರ ಹೊತ್ತಿಗೆ ಹೋಯಿತು.

ನನ್ನ ಕೇಳಿದರೆ ಸಮಸ್ಯೆಯ ಬೇರು ಆ ಸೆಟ್ಟಿಂಗಿನಲ್ಲಿದೆ. ಬರೆದದ್ದು ನಾವು, ಅದು ಕೋಡೋ ಅಲ್ಲವೋ ಎಂದು ಹೇಳುವುದು ಬೇರೆಯವರ ಸರ್ವರ್. ಇದೆಂಥಾ ವ್ಯವಸ್ಥೆ? ಆಗ ಬ್ಯಾಂಡ್‌ವಿಡ್ತ್ ದುಬಾರಿ, ಅದಕ್ಕೇ ಗಿಡ್ಡ ಮಾಡಿದರು ಅಂತಲೂ ಅಲ್ಲ, ಟ್ಯಾಗ್ ಹೇಗೂ ಸರ್ವರ್ ದಾಟುವುದಿಲ್ಲ. ಮೂರಕ್ಷರ ಟೈಪ್ ಮಾಡುವ ಸೋಮಾರಿತನ, ಅಷ್ಟೇ. ನಾನೂ ವರ್ಷಗಟ್ಟಲೆ ಗಿಡ್ಡದನ್ನೇ ಬರೆದವನು. ಈಗ ಪಿಎಚ್‌ಪಿ ಜೊತೆ ಬರುವ ಮಾದರಿ ಸೆಟ್ಟಿಂಗ್ ಫೈಲಿನಲ್ಲಿ ಅದು ಆಫ್. ಪೂರ್ತಿ ತೆಗೆಯೋಣ ಎಂದು 2019ರಲ್ಲಿ ಪಿಎಚ್‌ಪಿ ಕಟ್ಟುವವರು ಮತ ಹಾಕಿದರು. ಮೊದಲು ಪಾಸಾಯಿತು, ಆಕ್ಷೇಪ ಬಂದು ಮತ್ತೆ ಮತ ಹಾಕಿದಾಗ ಬಿತ್ತು. ಹಳೇ ಸೈಟುಗಳ ಗತಿ ಏನು ಅನ್ನುವ ಚಿಂತೆಯೂ ಸುಳ್ಳಲ್ಲ ಅನ್ನಿ.

ಅಡಿಕೆ ಪುಟದಲ್ಲಿ ಆದದ್ದೂ ಇದೇ. ಹೊಸ ಸರ್ವರಿನಲ್ಲಿ ಗಿಡ್ಡ ಟ್ಯಾಗ್ ಆಫ್ ಇತ್ತು. ಅಪರಿಚಿತ <? ಕಂಡರೆ ಬ್ರೌಸರ್ ಅದನ್ನು ಕಾಮೆಂಟ್ ಎಂದುಕೊಂಡು ಮೊದಲು ಸಿಗುವ > ತನಕ ಮುಚ್ಚಿಡುತ್ತದೆ. ಆ ಕೋಡಿನಲ್ಲೋ ‘ದರ > 0 ಆದರೆ ತೋರಿಸು’ ಎಂದಿತ್ತು. ಕಾಮೆಂಟ್ ಅಲ್ಲಿಗೇ ಮುಗಿಯಿತು, ಉಳಿದದ್ದು ಪುಟದ ಮೇಲೆ ಚೆಲ್ಲಿತು.

ಫೈಲುಗಳಲ್ಲಿ ಟ್ಯಾಗ್ ಬದಲಿಸಲು ಕೂತೆ. <?= ಮಾತ್ರ ಹಾಗೇ ಬಿಟ್ಟೆ. ಉತ್ತರವನ್ನು ಅಲ್ಲೇ ಬರೆಯುವ ಈ ಟ್ಯಾಗ್ 2012ರ ಪಿಎಚ್‌ಪಿ 5.4ರಿಂದ ಯಾವ ಸೆಟ್ಟಿಂಗ್ ಇದ್ದರೂ ಓಡುತ್ತದೆ. ಬರೀ ಕೋಡಿರುವ ಫೈಲುಗಳ ಕೊನೆಯ ?> ಅಳಿಸಿದೆ. ಅದರ ಕೆಳಗೆ ಸುಮ್ನೆ ಎರಡು ಖಾಲಿ ಸಾಲು ಉಳಿದರೂ ಅವು ಮೊದಲೇ ಬ್ರೌಸರಿಗೆ ಹೋಗಿ ಲಾಗಿನ್ ಕೈಕೊಡಬಹುದು. ನಡುವೆ ಎರಡು ಸಲ ಕರೆಂಟ್ ಹೋಯಿತು. ಸಂಜೆ ಹೊತ್ತಿಗೆ ರಾಶಿ ದರ ಬಂತು. ಅದು ಹಿಂದಿನ ವಾರದ್ದು. ಅದಕ್ಕೆ ಟ್ಯಾಗ್ ಕಾರಣವಲ್ಲ.