ಹೂಳೆತ್ತಿದ ಮೇಲೆ ನೀರು ಎಷ್ಟು ಇಳಿಯುತ್ತದೆ? ನದಿ ಬಸಿಗಾಲುವೆ ನಿರ್ವಹಣೆಯೂ ಸಂರಕ್ಷಿತ ಜೌಗುಭೂಮಿಯೂ

ಈ ಟಿಪ್ಪಣಿಗೆ ಐರ್ಲೆಂಡನ್ನೇ ಆರಿಸಿಕೊಳ್ಳಲು ಕಾರಣವಿದೆ. ಕೃಷಿಭೂಮಿಯ ನೀರು ಬಸಿದು ಹೋಗಲೆಂದು ನದಿಗಳನ್ನೇ ಆಳ ಮಾಡಿದ ದೇಶ ಅದು. 1945ರ ಆರ್ಟೀರಿಯಲ್ ಡ್ರೈನೇಜ್ ಕಾಯ್ದೆಯಡಿ ತೋಡಿದ ಸುಮಾರು 11,500 ಕಿ.ಮೀ. ಕಾಲುವೆಗಳನ್ನು ಸುಸ್ಥಿತಿಯಲ್ಲಿಡುವುದು ಆಫೀಸ್ ಆಫ್ ಪಬ್ಲಿಕ್ ವರ್ಕ್ಸ್ ಎಂಬ ಸರ್ಕಾರಿ ಕಚೇರಿಯ ಕಾನೂನುಬದ್ಧ ಹೊಣೆ. ಹಾಗಾಗಿ ಕೆಲವು ವರ್ಷಗಳಿಗೊಮ್ಮೆ ಅದೇ ಕಾಲುವೆಗೆ ಅದೇ ಎಕ್ಸ್‌ಕವೇಟರ್ ಮತ್ತೆ ಇಳಿಯುತ್ತದೆ; ಹೂಳು, ಜೊಂಡು, ಬಿದ್ದ ಮರ ಎಲ್ಲವೂ ಮೇಲೆ ಬರುತ್ತವೆ. ಪಕ್ಕದಲ್ಲೇ ಐರೋಪ್ಯ ಒಕ್ಕೂಟದ ಕಾನೂನು ಕಾಯುವ ಫೆನ್ (ಅಂತರ್ಜಲ ಉಣಿಸುವ ಜೌಗು) ಅಥವಾ ಪೀಟ್ (ಅರೆಕೊಳೆತ ಸಸ್ಯಗಳ ಪದರ) ಜೌಗು ಇದ್ದರೆ ಏನಾಗುತ್ತದೆ ಎನ್ನುವುದೇ ನಮ್ಮ ವಿಷಯ.

ಮೊದಲು ಕಾನೂನು, ಚುಟುಕಾಗಿ. ಐರೋಪ್ಯ ಒಕ್ಕೂಟದ 1992ರ ಹ್ಯಾಬಿಟಾಟ್ಸ್ ಡೈರೆಕ್ಟಿವ್ (ಆವಾಸಸ್ಥಾನಗಳ ರಕ್ಷಣೆಯ ನಿರ್ದೇಶನ) ಇದರ ವಿಧಿ 6(3)ರ ಪ್ರಕಾರ, ಸಂರಕ್ಷಿತ ತಾಣದ ಮೇಲೆ ಗಣನೀಯ ಪರಿಣಾಮ ಬೀರಬಹುದಾದ ಯಾವುದೇ ಯೋಜನೆಗೆ ಮೌಲ್ಯಮಾಪನ ಆಗಲೇಬೇಕು. 'ಇದು ಹಳೆಯ ಕಾಲುವೆ, ಹೊಸ ಯೋಜನೆಯಲ್ಲ' ಎಂಬ ವಾದ ನಿಲ್ಲುವುದಿಲ್ಲ. ನೆದರ್ಲೆಂಡ್ಸ್‌ನ ವಾಡನ್ ಸಮುದ್ರದಲ್ಲಿ ವರ್ಷವರ್ಷವೂ ಪರವಾನಗಿ ಪಡೆದು ನಡೆಯುತ್ತಿದ್ದ ಚಿಪ್ಪುಮೀನುಗಾರಿಕೆಯೂ 'ಯೋಜನೆ'ಯೇ ಎಂದು ಐರೋಪ್ಯ ನ್ಯಾಯಾಲಯ 2004ರಲ್ಲಿ ಹೇಳಿತು. ತಾಣಕ್ಕೆ ಧಕ್ಕೆಯಿಲ್ಲ ಎನ್ನುವುದರಲ್ಲಿ ಸಮಂಜಸವಾದ ವೈಜ್ಞಾನಿಕ ಸಂಶಯ ಉಳಿಯಬಾರದು ಎಂಬ ಅಳತೆಗೋಲೂ ಅದೇ ತೀರ್ಪಿನದು.

ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಮೊದಲ ಹಂತದಲ್ಲಿ, ಅಂದರೆ ಪೂರ್ಣ ಮೌಲ್ಯಮಾಪನ ಬೇಕೇ ಎಂದು ನಿರ್ಧರಿಸುವ ಸ್ಕ್ರೀನಿಂಗ್‌ನಲ್ಲಿ. 'ಹೂಳು ತಡೆಯುವ ಬೇಲಿ ಹಾಕುತ್ತೇವೆ, ಆದ್ದರಿಂದ ಪರಿಣಾಮವಿಲ್ಲ' ಎಂದು ಇಲ್ಲೇ ಬರೆದು ಕಡತ ಮುಚ್ಚುವಂತಿಲ್ಲ. ಹಾನಿ ತಪ್ಪಿಸುವ ಕ್ರಮಗಳನ್ನು ಸ್ಕ್ರೀನಿಂಗ್‌ನಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬಾರದೆಂದು 2018ರ ಏಪ್ರಿಲ್‌ನಲ್ಲಿ, ಐರ್ಲೆಂಡಿನದೇ ಒಂದು ಪ್ರಕರಣದಲ್ಲಿ ತೀರ್ಪು ಬಂದಿದೆ. ಬೇಲಿ ಬೇಕೆನ್ನಿಸಿತೆಂದರೆ ಎರಡನೇ ಹಂತದ ಪೂರ್ಣ ಮೌಲ್ಯಮಾಪನ ಬೇಕು, ಅಷ್ಟೇ. ನಕ್ಷೆಯಲ್ಲಿ 15 ಕಿ.ಮೀ. ವೃತ್ತ ಎಳೆದು ಒಳಗಿನ ತಾಣಗಳನ್ನಷ್ಟೇ ಪಟ್ಟಿ ಮಾಡುವುದು ಇನ್ನೊಂದು ಸೋಮಾರಿತನ. ನೀರು ವೃತ್ತ ನೋಡಿ ಹರಿಯುವುದಿಲ್ಲ. ಮೂಲ ಯಾವುದು, ದಾರಿ ಯಾವುದು, ಪೆಟ್ಟು ತಿನ್ನುವುದು ಯಾವುದು ಎಂಬ ಸರಪಳಿ ಹಿಡಿದು ಹೋಗಿ.

ಈಗ ನಿಜವಾದ ತಿರುಳಿಗೆ ಬರೋಣ. ವರದಿಗಳಲ್ಲಿ ಪುಟಗಟ್ಟಲೆ ಇರುವುದು ಕದಡಿದ ಹೂಳಿನ ಮಾತು. ಜೌಗುಭೂಮಿಗೆ ದೊಡ್ಡ ಪೆಟ್ಟು ಕೊಡುವುದು ಮಾತ್ರ ನೀರಿನ ಮಟ್ಟ. ಒಂದು ಲೆಕ್ಕ ಮಾಡಿ. ಜೊಂಡು ತುಂಬಿದ ಕಾಲುವೆಯ ಮ್ಯಾನಿಂಗ್ ಒರಟು ಗುಣಾಂಕ (ಕಾಲುವೆ ಹರಿವನ್ನು ಎಷ್ಟು ತಡೆಯುತ್ತದೆ ಎನ್ನುವ ಅಂಕಿ) 0.08 ಎಂದಿಟ್ಟುಕೊಳ್ಳಿ, ಸ್ವಚ್ಛ ಮಾಡಿದ ಮೇಲೆ 0.035. ಹರಿವೂ ಇಳಿಜಾರೂ ಬದಲಾಗದಿದ್ದರೆ, ಅಗಲವಾದ ಪಾತ್ರದಲ್ಲಿ ಆಳವು ಗುಣಾಂಕದ 3/5ನೇ ಘಾತಕ್ಕೆ ಅನುಪಾತದಲ್ಲಿರುತ್ತದೆ. 0.035ನ್ನು 0.08ರಿಂದ ಭಾಗಿಸಿದರೆ 0.44, ಅದರ 3/5ನೇ ಘಾತ 0.61. ಎಂದರೆ ಒಂದು ಮೀಟರ್ ಆಳವಿದ್ದ ನೀರು 61 ಸೆಂ.ಮೀ.ಗೆ ಇಳಿಯಿತು. ತಳದಿಂದ ಒಂದು ಹಿಡಿ ಮಣ್ಣೂ ತೆಗೆಯದೆ, ಬರೀ ಜೊಂಡು ಕತ್ತರಿಸಿದ್ದಕ್ಕೇ 39 ಸೆಂ.ಮೀ. ಹೋಯಿತು! ಹೂಳೆತ್ತುವಾಗ ಉದ್ದಕ್ಕೂ ತಳವೇ 20 ಸೆಂ.ಮೀ. ಕೆಳಗಿಳಿದರೆ ಅದೂ ಇದರ ಜೊತೆ ಸೇರುತ್ತದೆ. ಇಳಿಜಾರು ದಂಡೆಯ ಕಿರಿದಾದ ಕಾಲುವೆಯಲ್ಲಿ ಅಂಕಿ ಬೇರೆ ಬರುತ್ತದೆ, ಹಾಗಾಗಿ ಅಂತಿಮ ವರದಿಗೆ ಅಳೆದ ಅಡ್ಡಕೊಯ್ತಗಳನ್ನು ಮಾದರಿಗೆ ಹಾಕಬೇಕು. ಆದರೆ ವಿಷಯದ ಗಾತ್ರ ಅರಿಯಲು ಈ ಕೈಲೆಕ್ಕ ಸಾಕು.

ಈ 39 ಸೆಂ.ಮೀ. ಯಾರಿಗೆ ಏನು? ಪೀಟ್ ಕಟ್ಟುತ್ತಲೇ ಇರುವ ಜೀವಂತ ರೈಸ್ಡ್ ಬಾಗ್‌ನಲ್ಲಿ (ಮಳೆನೀರಿನಿಂದಲೇ ಬದುಕುವ, ಗುಮ್ಮಟದಂತೆ ಉಬ್ಬಿದ ಪೀಟ್ ಜೌಗು) ವರ್ಷದ ಬಹುಪಾಲು ನೀರು ನೆಲದಿಂದ 10 ಸೆಂ.ಮೀ. ಒಳಗೇ ನಿಂತಿರಬೇಕು. ಅದಕ್ಕಿಂತ ಕೆಳಗಿಳಿದು ಹಾಗೇ ಉಳಿದರೆ ಸ್ಫ್ಯಾಗ್ನಮ್ ಪಾಚಿ ಸೊರಗುತ್ತದೆ, ಪೀಟ್ ಒಣಗಿ ಕುಗ್ಗುತ್ತದೆ, ನೆಲವೇ ಕುಸಿದು ಇಳಿಜಾರು ಹೆಚ್ಚುತ್ತದೆ, ಮಳೆನೀರು ನಿಲ್ಲದೆ ಓಡುತ್ತದೆ. ಅಲ್ಲಿಂದ ವಾಪಸಾಗುವುದು ಕಷ್ಟ. ಕ್ಷಾರೀಯ ಫೆನ್‌ನಲ್ಲಿ ವರ್ಟಿಗೊ ಗೆಯೆರಿ ಎಂಬ ಸುಮಾರು 2 ಮಿ.ಮೀ. ಎತ್ತರದ ಬಸವನಹುಳು ಇದೆ. ಮುಳುಗಿದರೂ ಆಗದು, ಒಣಗಿದರೂ ಆಗದು. ಒದ್ದೆ ಪಾಚಿಯ ಒಂದು ಕಿರಿದಾದ ಪಟ್ಟಿಯಲ್ಲೇ ಅದರ ಬದುಕು.

ಕಾಲುವೆಯ ಇಳಿತ ಜೌಗಿನೊಳಗೆ ಎಷ್ಟು ದೂರ ಹೋಗುತ್ತದೆ ಎನ್ನುವುದು ಕೆಳಗಿನ ಪದರದ ಮೇಲೆ ನಿಂತಿದೆ. ಕೊಳೆತು ಬಿಗಿಯಾದ ಪೀಟ್ ನೀರನ್ನು ಸುಲಭಕ್ಕೆ ಬಿಟ್ಟುಕೊಡದು, ಪರಿಣಾಮ ದಂಡೆಯ ಹತ್ತಿರವೇ ನಿಲ್ಲಬಹುದು. ಆದರೆ ಕಾಲುವೆಯ ತಳ ಪೀಟನ್ನು ದಾಟಿ ಜಲ್ಲಿಪದರ ಮುಟ್ಟಿದರೆ, ದೂರದ ಫೆನ್‌ಗೆ ಕೆಳಗಿನಿಂದ ಒತ್ತಿ ಬರುತ್ತಿದ್ದ ಅಂತರ್ಜಲದ ಒತ್ತಡವೇ ಕುಗ್ಗುತ್ತದೆ. ಆದ್ದರಿಂದ ಬಕೆಟ್ ಎಷ್ಟು ಆಳಕ್ಕೆ ಹೋಗುತ್ತದೆ, ಅಲ್ಲಿ ಯಾವ ಮಣ್ಣಿದೆ ಎಂದು ಆಗರ್ (ಮಣ್ಣು ಕೊರೆಯುವ ಸಲಕರಣೆ) ಹಾಕಿ ನೋಡದೆ ಅಭಿಪ್ರಾಯ ಬರೆಯಬೇಡಿ.

ನೆಲದೊಳಗಿನ ನೀರಿನ ಮಟ್ಟದ ಅಳತೆಗೆ ರಂಧ್ರವಿರುವ ಪಿವಿಸಿ ಕೊಳವೆಗಳು, ಅಂದರೆ ಡಿಪ್‌ವೆಲ್‌ಗಳು ಬೇಕು. ಕಾಲುವೆಗೆ ಲಂಬವಾಗಿ 2, 5, 10, 20, 50 ಮೀಟರ್‌ಗಳಲ್ಲಿ ಒಂದೊಂದು ನೆಡಿ. ಹತ್ತಿರ ಒತ್ತಾಗಿ, ದೂರ ವಿರಳವಾಗಿ. ಕೆಲಸಕ್ಕೆ ಮುಂಚೆ ಕನಿಷ್ಠ ಒಂದು ಪೂರ್ಣ ವರ್ಷದ ದಾಖಲೆ ಇರಲಿ. ಹೂಳೆತ್ತದ ಇನ್ನೊಂದು ಕಾಲುವೆಯ ಬಳಿಯೂ ಇದೇ ಸಾಲು ಬೇಕು, ಇಲ್ಲದಿದ್ದರೆ ಬರಗಾಲದ ಇಳಿತವನ್ನೂ ಯಂತ್ರದ ಇಳಿತವನ್ನೂ ಬೇರ್ಪಡಿಸಲಾಗದು. ನೀರಿನ ಒತ್ತಡವನ್ನು ತಾನಾಗಿ ದಾಖಲಿಸುವ ಮುಚ್ಚಿದ ಲಾಗರ್ ಹಾಕಿದರೆ ವಾಯುಭಾರದ ತಿದ್ದುಪಡಿ ಮರೆಯಬೇಡಿ. ಇನ್ನೊಂದು ಸೂಕ್ಷ್ಮ: ಪೀಟ್ ನೆಲ ಋತುವಿನೊಂದಿಗೆ ಉಬ್ಬುತ್ತದೆ, ಕುಗ್ಗುತ್ತದೆ. ಕೊಳವೆ ಪೀಟ್‌ನಲ್ಲೇ ತೇಲುತ್ತಿದ್ದರೆ ಅದೂ ನೆಲದ ಜೊತೆ ಇಳಿಯುತ್ತದೆ, ದಾಖಲೆಯಲ್ಲಿ ಮಾತ್ರ ಎಲ್ಲವೂ ಸರಿ ಕಾಣುತ್ತದೆ! ಆಧಾರಬಿಂದುವಿನ ಸರಳನ್ನು ಕೆಳಗಿನ ಗಟ್ಟಿ ಮಣ್ಣಿಗೇ ಊರಬೇಕು.

ಸಮಯದ ವಿಷಯದಲ್ಲಿ ಒಂದು ನೇರ ಘರ್ಷಣೆ ಇದೆ. ಸಾಲ್ಮನ್ ಚಳಿಗಾಲದಲ್ಲಿ ಜಲ್ಲಿಯಲ್ಲಿ ಮೊಟ್ಟೆಯಿಡುವುದರಿಂದ ನೀರಿಗಿಳಿಯುವ ಕೆಲಸಕ್ಕೆ ಐರ್ಲೆಂಡಿನಲ್ಲಿ ಜುಲೈನಿಂದ ಸೆಪ್ಟೆಂಬರ್‌ವರೆಗೆ ಅವಕಾಶ. ಜೊಂಡು ದಟ್ಟವಾಗಿ ನೀರನ್ನು ಎತ್ತಿ ಹಿಡಿಯುವುದೂ, ಜೌಗು ಅತ್ಯಂತ ಒಣಗಿರುವುದೂ ಆಗಲೇ. ಮೀನಿಗೆ ಸುರಕ್ಷಿತ ತಿಂಗಳು ಫೆನ್‌ಗೆ ಅತ್ಯಂತ ಕೆಟ್ಟದ್ದು. 'ಋತು ನಿರ್ಬಂಧ ಪಾಲಿಸಲಾಗುವುದು' ಎಂಬ ಒಂದು ಸಾಲಿನಿಂದ ಇದು ಬಗೆಹರಿಯುವುದಿಲ್ಲ.

ಮೀನಿಗೂ ಅದು ಪೂರ್ತಿ ಸುರಕ್ಷಿತವಲ್ಲ. ಹಾವಿನಂತೆ ಉದ್ದನೆಯ, ದವಡೆಯಿಲ್ಲದ ಮೀನಾದ ಲ್ಯಾಂಪ್ರೇಯ ಕುರುಡು ಮರಿಗಳು ವರ್ಷಗಟ್ಟಲೆ ದಂಡೆಯಂಚಿನ ಮೆತ್ತನೆಯ ಹೂಳಿನಲ್ಲೇ ಹೂತಿರುತ್ತವೆ, ಯಾವ ತಿಂಗಳಲ್ಲಿ ಬಕೆಟ್ ಹಾಕಿದರೂ ಮೇಲೆ ಬರುತ್ತವೆ. ಎತ್ತಿದ ರಾಶಿಯ ನೀರು ಬಸಿಯುತ್ತಿದ್ದಂತೆ ಪೆನ್ಸಿಲ್‌ನಷ್ಟು ತೆಳುವಾದ ಮರಿಗಳು ಹೊರಳಾಡುವುದು ಕಾಣುತ್ತದೆ. ಕೈಯಲ್ಲಿ ಹೆಕ್ಕಿ ನೀರಿಗೆ ಬಿಡುವುದು ಸರಿಯೇ, ಆದರೆ ಅದಕ್ಕಿಂತ ಫಲ ಕೊಡುವುದು ಒಂದು ಪಕ್ಕದ ಹೂಳನ್ನು, ಇಲ್ಲವೇ ನಡುನಡುವೆ ಕೆಲವು ತುಂಡುಗಳನ್ನು ಮುಟ್ಟದೇ ಬಿಡುವುದು. ಅಲ್ಲಿಂದ ಮತ್ತೆ ಹರಡಿಕೊಳ್ಳುತ್ತವೆ.

ಎತ್ತಿದ ಹೂಳನ್ನು ದಂಡೆಯುದ್ದಕ್ಕೂ ಹಾಕುತ್ತ ಬಂದರೆ ಕೆಲವು ಸುತ್ತುಗಳಲ್ಲಿ ಅದೇ ಏರಿಯಾಗಿ, ಪ್ರವಾಹದ ನೀರು ಪಕ್ಕದ ಒದ್ದೆ ಹುಲ್ಲುಗಾವಲಿಗೆ ಹೋಗುವ ದಾರಿ ಮುಚ್ಚುತ್ತದೆ. ಯಂತ್ರವನ್ನು ಒಣಗಿಸದೆ ಬೇರೆ ನದಿಗೆ ಒಯ್ದರೆ ಕ್ರೇಫಿಶ್ (ಸಿಹಿನೀರಿನ ಸೀಗಡಿಯಂಥ ಜೀವಿ) ಕೊಲ್ಲುವ ಕ್ರೇಫಿಶ್ ಪ್ಲೇಗ್ ರೋಗದ ಬೀಜಕಗಳೂ ಜೊತೆಗೆ ಹೋಗಬಹುದು. ಐರ್ಲೆಂಡಿನಲ್ಲಿ 2015ರಿಂದ ಈ ರೋಗ ಕಾಣಿಸಿಕೊಂಡಿದೆ.

ಕೊನೆಯದಾಗಿ ತಾಣದ ಸಂರಕ್ಷಣಾ ಗುರಿಯನ್ನು ಓದುವ ಬಗೆ. ಅಲ್ಲಿ 'ಕಾಪಾಡುವುದು' ಎಂದಿದೆಯೋ 'ಪುನಃಸ್ಥಾಪಿಸುವುದು' ಎಂದಿದೆಯೋ ನೋಡಿ. ಕಾಪಾಡುವುದು ಎಂದಿದ್ದರೆ ಇಂದಿನ ಸ್ಥಿತಿಗೆ ಹೋಲಿಸಬಹುದು. ಪುನಃಸ್ಥಾಪನೆ ಎಂದಿದ್ದರೆ, ಈಗಾಗಲೇ ಬಸಿದು ಹೋದ ಜೌಗನ್ನೇ ಅಳತೆಗಿಟ್ಟು 'ಹೊಸ ಹಾನಿಯಿಲ್ಲ' ಎನ್ನಲಾಗದು. ಹೂಳು ತುಂಬಿ ಕಾಲುವೆ ತಾನಾಗಿ ಮುಚ್ಚಿಕೊಳ್ಳುತ್ತಿದ್ದಾಗ ಜೌಗು ಚೇತರಿಸಿಕೊಳ್ಳುತ್ತಿತ್ತು. ಪ್ರತಿ ಸುತ್ತಿನ ಹೂಳೆತ್ತುವಿಕೆ ಆ ಚೇತರಿಕೆಯನ್ನು ಹಿಂದಕ್ಕೆಳೆಯುತ್ತದೆ. ಅಂಥ ತುಂಡುಗಳನ್ನು ನಕ್ಷೆಯಲ್ಲಿ ಗುರುತಿಸಿ, ಅಲ್ಲಿ ನಿರ್ವಹಣೆ ಬೇಕೇ ಬೇಡವೇ ಎಂಬ ಪ್ರಶ್ನೆಯನ್ನು ವರದಿಯಲ್ಲಿ ಎತ್ತಿ.